ನಿಜವಾದ ವಿಶ್ವಾಸ ಯಾವುದು?

ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳನ್ನು "ವಿಶ್ವಾಸ ಎಂದರೇನು?" ಎಂದು ಕೇಳಿ ನೋಡಿ. ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ. "ದೇವರಿದ್ದಾರೆ ಅಂತ ನಂಬುವುದು" ಎಂದು ಒಂದು ಮಗು ಹೇಳುತ್ತದೆ. "ನಾವು ಕೇಳಿದ್ದನ್ನು ದೇವರು ಕೊಟ್ಟೇ ಕೊಡುತ್ತಾರೆ ಅಂತ ನಂಬುವುದು" ಎಂದು ಇನ್ನೊಂದು ಹೇಳುತ್ತದೆ. ಮಕ್ಕಳು ಈ ಉತ್ತರಗಳನ್ನು ತಾವಾಗಿ ಹುಟ್ಟಿಸಿಕೊಂಡಿಲ್ಲ. ಮನೆಯಲ್ಲಿ, ಪ್ರಾರ್ಥನಾ ಕೂಟಗಳಲ್ಲಿ, ಕೆಲವೊಮ್ಮೆ ನಮ್ಮ ಪ್ರಬೋಧನೆಗಳಲ್ಲಿ ಕೇಳಿದ್ದನ್ನೇ ಹೇಳುತ್ತಾರೆ. ಮೊದಲನೆಯ ಉತ್ತರ ಅರ್ಧ ಮಾತ್ರ ಸರಿ. ಎರಡನೆಯದು ಕೇಳಲು ಹಿತವಾಗಿದ್ದರೂ ಅಪಾಯಕಾರಿ. ಈ ವಾರ ನಾನು ಮುಖ್ಯವಾಗಿ ಬರೆಯಬೇಕೆಂದಿರುವುದು ಆ ಎರಡನೆಯದರ ಬಗ್ಗೆ.

ಆದರೆ ಮೊದಲನೆಯದನ್ನು ಬೇಗ ಮುಗಿಸಿಬಿಡೋಣ. ದೇವರು ಒಬ್ಬರೇ ಎಂದು ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ ಎಂದು ಸಂತ ಯಕೋಬರು ಬರೆದಿದ್ದಾರೆ (ಯಕೋಬ 2:19). ಮಾರ್ಕನ ಶುಭಸಂದೇಶವನ್ನು ತೆರೆದರೆ ಮೊದಲನೆಯ ಅಧ್ಯಾಯದಲ್ಲೇ, ಕಫೆರ್ನವುಮಿನ ಪ್ರಾರ್ಥನಾ ಮಂದಿರದಲ್ಲಿ, ಅಶುದ್ಧಾತ್ಮವೊಂದು ಯೇಸು ಯಾರೆಂದು ಗುರುತಿಸಿ ಕೂಗುತ್ತದೆ. ಪೇತ್ರನಿಗೆ ಆ ಅರಿವು ಬಾಯಿಗೆ ಬರಲು ಎಂಟನೆಯ ಅಧ್ಯಾಯದವರೆಗೆ ಬೇಕಾಯಿತು! ಸರಿಯಾದ ಉತ್ತರ ಗೊತ್ತಿರುವುದೇ ವಿಶ್ವಾಸವಾಗಿದ್ದರೆ ಆ ಅಶುದ್ಧಾತ್ಮಕ್ಕೆ ಮೊದಲ ಬಹುಮಾನ ಕೊಡಬೇಕಾಗಿತ್ತು. ಗುರುಮಠದಲ್ಲಿ ದೈವಶಾಸ್ತ್ರದ ಪರೀಕ್ಷೆ ಬರೆದು ಬಂದ ನಮ್ಮಂಥವರು ಈ ಮಾತನ್ನು ಆಗಾಗ ನೆನಪಿಸಿಕೊಳ್ಳುವುದು ಒಳ್ಳೆಯದು.

ನಮ್ಮ ಕನ್ನಡದ ಪದವನ್ನೇ ನೋಡಿ. ಸಂತೆಯಲ್ಲಿ ಎದುರಾದ ಹಳೆಯ ಪರಿಚಯದವರು ಬೀಳ್ಕೊಡುವಾಗ "ವಿಶ್ವಾಸ ಇರಲಿ" ಎನ್ನುತ್ತಾರೆ. "ಆ ಮನೆಯವರು ನಮ್ಮನ್ನು ಬಹಳ ವಿಶ್ವಾಸದಿಂದ ನೋಡಿಕೊಂಡರು" ಎನ್ನುತ್ತೇವೆ. ಇಲ್ಲಿ ಯಾರೂ ಯಾವುದೋ ಸಿದ್ಧಾಂತವನ್ನು ಒಪ್ಪಿಕೊಂಡ ಸುದ್ದಿಯಿಲ್ಲ. ವಿಶ್ವಾಸ ಎಂದರೆ ಪ್ರೀತಿ, ನಂಟು, ಕಷ್ಟಸುಖಗಳಲ್ಲಿ ಕೈಬಿಡದ ಸಂಬಂಧ. ಬೈಬಲಿನ ಹಿಬ್ರೂ ಭಾಷೆಯಲ್ಲಿ ವಿಶ್ವಾಸಕ್ಕೆ ಬಳಸುವ ಮೂಲಧಾತುವಿನ ಅರ್ಥವೂ ಇದಕ್ಕೆ ದೂರದ್ದಲ್ಲ. ಸ್ಥಿರವಾಗಿರುವುದು, ಅಲುಗದೆ ನಿಲ್ಲುವುದು ಎಂದು ಅದರ ಅರ್ಥ. ಗಟ್ಟಿಯಾದ ಸ್ಥಳದಲ್ಲಿ ಹೊಡೆದ ಗೂಟದ ಬಗ್ಗೆ ಯೆಶಾಯನು ಹೇಳುವಾಗ (ಯೆಶಾಯ 22:23) ಆ ಸ್ಥಳದ ಗಟ್ಟಿತನಕ್ಕೆ ಬಳಸಿದ್ದೂ ಅದೇ ಧಾತುವನ್ನು. ನಾವು ಪ್ರತಿಯೊಂದು ಪ್ರಾರ್ಥನೆಯ ಕೊನೆಗೆ, ಪರಮಪ್ರಸಾದ ಸ್ವೀಕರಿಸುವಾಗ ಹೇಳುವ 'ಆಮೆನ್' ಎಂಬ ಪದ ಹುಟ್ಟಿದ್ದೂ ಅದರಿಂದಲೇ. ಗೂಟ ತನ್ನ ಬಲದಿಂದ ನಿಲ್ಲುವುದಿಲ್ಲ. ಅದನ್ನು ಹಿಡಿದುಕೊಂಡಿರುವ ನೆಲ ಗಟ್ಟಿಯಾಗಿದೆ, ಅದಕ್ಕೇ ನಿಲ್ಲುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಂತ ಅಗಸ್ಟೀನರು ಗುರುತಿಸಿದ, ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಬಿಡಿಸಿ ವಿವರಿಸಿದ ಮೂರು ಹಂತದ ಮಾತೊಂದಿದೆ. ದೇವರಿದ್ದಾರೆಂದು ನಂಬುವುದು, ದೇವರ ಮಾತನ್ನು ನಂಬುವುದು, ದೇವರನ್ನೇ ನಂಬಿ ಅವರತ್ತ ಹೆಜ್ಜೆ ಹಾಕುವುದು. ಚಿಕ್ಕಮಗಳೂರಿನ ಬಸ್ ನಿಲ್ದಾಣದಲ್ಲಿ ಮಂಗಳೂರಿಗೆ ಹೋಗುವ ಬಸ್ಸು ನಿಂತಿದೆ ಅನ್ನಿ. ಬಸ್ಸಿದೆ ಎಂದು ನನಗೆ ಗೊತ್ತು. ಬೋರ್ಡಿನಲ್ಲಿ ಬರೆದಿರುವುದೂ ನಿಜ ಎಂದು ಗೊತ್ತು. ಇಷ್ಟಾದರೂ ನಾನು ನಿಲ್ದಾಣದಲ್ಲೇ ಕುಳಿತಿರಬಹುದು. ಮಡಿಲಲ್ಲಿ ಮಗುವನ್ನು ಮಲಗಿಸಿಕೊಂಡು ಬಸ್ಸು ಹತ್ತಿ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಚಾಲಕನ ಮೇಲೆ ಭಾರ ಹಾಕಿ ಕಣ್ಣುಮುಚ್ಚುವ ತಾಯಿಯದು ಮೂರನೆಯ ಬಗೆಯದು. ಈ ಹೋಲಿಕೆಗೆ ಒಂದು ಕೊರತೆ ಇದೆ ನಿಜ. ಬಸ್ಸು ನಾವು ಟಿಕೆಟ್ ತೆಗೆದ ಊರಿಗೆ ಹೋಗುತ್ತದೆ. ದೇವರು ನಮ್ಮನ್ನು ಕರೆದೊಯ್ಯುವ ಊರಿನ ಹೆಸರು ಎಷ್ಟೋ ಸಲ ಮೊದಲೇ ತಿಳಿಸಿರುವುದಿಲ್ಲ.

ವಿಶ್ವಾಸಿಗಳ ಪಿತನೆಂದು ನಾವು ಕರೆಯುವ ಅಬ್ರಹಾಮನ ಕಥೆಯೂ ಇದೇ. ಹಾರಾನನ್ನು ಬಿಟ್ಟು ಹೊರಟಾಗ ಅವನಿಗೆ 75 ವರ್ಷ (ಆದಿಕಾಂಡ 12:4). ವಾಗ್ದಾನದ ಮಗ ಇಸಾಕ ಹುಟ್ಟಿದಾಗ 100 ವರ್ಷ (ಆದಿಕಾಂಡ 21:5). ಮಧ್ಯೆ ಇಪ್ಪತ್ತೈದು ವರ್ಷಗಳ ಕಾಯುವಿಕೆ, ಗೊಂದಲ, ಸಾರಾಳ ನಗು, ಹಾಗರಳ ಕಣ್ಣೀರು. ಇನ್ನು ವಾಗ್ದಾನದ ನಾಡು? ಹೆಂಡತಿ ತೀರಿಕೊಂಡಾಗ ಅವಳನ್ನು ಹೂಳಲು ಅವನ ಸ್ವಂತದ್ದೆಂದು ಅಂಗೈಯಗಲ ಭೂಮಿಯಿರಲಿಲ್ಲ. 400 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಮಕ್ಪೇಲದ ಹೊಲವನ್ನೂ ಅದರಲ್ಲಿದ್ದ ಗವಿಯನ್ನೂ ಕೊಳ್ಳಬೇಕಾಯಿತು (ಆದಿಕಾಂಡ 23). ದೇವರು ಇಡೀ ನಾಡನ್ನೇ ಕೊಡುತ್ತೇನೆಂದು ಮಾತುಕೊಟ್ಟಿದ್ದ ಮನುಷ್ಯ, ಆ ನಾಡಿನಲ್ಲಿ ದುಡ್ಡು ಕೊಟ್ಟು ಪಡೆದದ್ದು ಒಂದು ಸಮಾಧಿ. ಹಿಬ್ರಿಯರಿಗೆ ಬರೆದ ಪತ್ರದ 11ನೆಯ ಅಧ್ಯಾಯವು ಅವನನ್ನೂ ಅವನಂಥವರನ್ನೂ ವಾಗ್ದಾನದ ಫಲವನ್ನು ದೂರದಿಂದ ಕಂಡು, ಕೈಗೆ ಸಿಗದೆಯೇ ಸತ್ತವರೆಂದು ಹೇಳುತ್ತದೆ. ಅವರ ವಿಶ್ವಾಸ ಸಾಲದಾಯಿತು ಎಂದು ಮಾತ್ರ ಎಲ್ಲಿಯೂ ಹೇಳುವುದಿಲ್ಲ. ಅವರ ವಿಶ್ವಾಸವನ್ನು ಹೊಗಳುವುದಕ್ಕೆಂದೇ ಆ ಅಧ್ಯಾಯ ಬರೆಯಲಾಗಿದೆ.

ಈಗ ಎರಡನೆಯ ಉತ್ತರಕ್ಕೆ ಬರೋಣ.

ನಾನು ಸೇವೆ ಮಾಡಿದ ಒಂದು ಧರ್ಮಕೇಂದ್ರದಲ್ಲಿ ಒಬ್ಬ ತಾಯಿ ಇದ್ದರು. ಅವರ ಮಗನಿಗೆ ಫಿಟ್ಸ್ ಬರುತ್ತಿತ್ತು. ವೈದ್ಯರು ಮಾತ್ರೆ ಕೊಟ್ಟಿದ್ದರು, ಫಿಟ್ಸ್ ಬಹುಮಟ್ಟಿಗೆ ಹತೋಟಿಗೂ ಬಂದಿತ್ತು. ಆಗ ಬೇರೊಂದೂರಿನಿಂದ ಬಂದ ಯಾರೋ ಮನೆಗೆ ಬಂದು ಪ್ರಾರ್ಥಿಸಿ, "ಮಗು ಪೂರ್ತಿ ಗುಣವಾಗಿದೆ, ಇನ್ನೂ ಮಾತ್ರೆ ನುಂಗಿಸಿದರೆ ನಿಮಗೆ ದೇವರ ಮೇಲೆ ವಿಶ್ವಾಸವಿಲ್ಲ ಎಂದಾಗುತ್ತದೆ" ಎಂದು ಹೇಳಿ ಹೋದರು. ತಾಯಿ ಮಾತ್ರೆ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಹುಡುಗ ಬಚ್ಚಲಮನೆಯಲ್ಲಿ ಒಲೆಯ ಪಕ್ಕ ಬಿದ್ದು ತೋಳು ಸುಟ್ಟುಕೊಂಡ. ಪ್ರಾರ್ಥಿಸಿದವರಿಗೆ ಸುದ್ದಿ ಮುಟ್ಟಿದಾಗ ಅವರಿಂದ ಬಂದ ಉತ್ತರ, "ಅಮ್ಮನ ವಿಶ್ವಾಸದಲ್ಲಿ ಎಲ್ಲೋ ಕೊರತೆ ಇದ್ದಿರಬೇಕು." ನಾನು ಆ ಮನೆಗೆ ಹೋದಾಗ ಆಕೆ ಅಳುತ್ತಿರಲಿಲ್ಲ. ಲೆಕ್ಕ ಕೇಳುವವರ ಹಾಗೆ ಕೇಳಿದರು: "ಫಾದರ್, ನನ್ನ ವಿಶ್ವಾಸ ಇನ್ನೂ ಎಷ್ಟಿದ್ದಿದ್ದರೆ ಸಾಕಾಗ್ತಿತ್ತು?"

ಈ ಪ್ರಶ್ನೆ ಒಬ್ಬರದೇ ಎಂದು ಭಾವಿಸಬೇಡಿ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಬಿಟ್ಟದ್ದು, ಗಡ್ಡೆಯನ್ನು ಶಸ್ತ್ರಚಿಕಿತ್ಸೆಗೆ ತೋರಿಸದೆ ತಿಂಗಳುಗಟ್ಟಲೆ ಉಪವಾಸ ಮಾಡಿದ್ದು ನಮ್ಮ ಗುರುಗಳನೇಕರಿಗೆ ಗೊತ್ತಿರುವ ಸಂಗತಿ. ಮೈಗೆ ಆಗುವ ಹಾನಿ ಒಂದು ಕಡೆ. ಮಗುವಿನ ನೋವಿಗೆ ತಾನೇ ಕಾರಣ, ತನ್ನ ವಿಶ್ವಾಸ ತೂಕಕ್ಕೆ ಬಾರದ್ದು ಎಂದು ಒಬ್ಬ ತಾಯಿ ಒಳಗೊಳಗೇ ಕೊರಗುವುದು ಇನ್ನೊಂದು ಕಡೆ. ಅಂಥವರಲ್ಲಿ ಕೆಲವರು ದೇವಾಲಯಕ್ಕೆ ಬರುವುದನ್ನೇ ನಿಲ್ಲಿಸುತ್ತಾರೆ. ಅವರ ಗಂಡಂದಿರಂತೂ ಅವರಿಗಿಂತ ಮೊದಲೇ ನಿಲ್ಲಿಸಿರುತ್ತಾರೆ.

ವಿಶೇಷವೇನೆಂದರೆ, ಫಿಟ್ಸ್ ಬರುವ ಹುಡುಗನ ಕಥೆ ಶುಭಸಂದೇಶದಲ್ಲೇ ಇದೆ (ಮಾರ್ಕ 9:14-29). ಬೀಳುವುದು, ಬಾಯಲ್ಲಿ ನೊರೆ, ಹಲ್ಲು ಕಡಿಯುವುದು, ಮೈ ಸೆಟೆದುಕೊಳ್ಳುವುದು, ಬೆಂಕಿಯಲ್ಲೂ ನೀರಿನಲ್ಲೂ ಬೀಳುವುದು, ಎಲ್ಲವನ್ನೂ ಮಾರ್ಕನು ಬರೆದಿದ್ದಾನೆ. ಅಂದಿನವರು ಅದನ್ನು ದುರಾತ್ಮದ ಕಾಟವೆಂದೇ ಕಂಡರು. ಶಿಷ್ಯರ ಕೈಯಲ್ಲಿ ಗುಣಪಡಿಸಲು ಆಗಲಿಲ್ಲ. ತಂದೆ ಯೇಸುವಿನ ಬಳಿ ಬಂದು, ಸಾಧ್ಯವಾದರೆ ಏನಾದರೂ ಮಾಡಿ ಎಂದು ಬೇಡುತ್ತಾನೆ. ವಿಶ್ವಾಸವಿಡುವವನಿಗೆ ಎಲ್ಲವೂ ಸಾಧ್ಯ ಎಂದು ಯೇಸು ಹೇಳುತ್ತಾರೆ. ಆಗ ಆ ತಂದೆ ಕೊಟ್ಟ ಉತ್ತರ ಇಡೀ ಹೊಸ ಒಡಂಬಡಿಕೆಯಲ್ಲೇ ಅತ್ಯಂತ ಪ್ರಾಮಾಣಿಕವಾದದ್ದೆಂದು ನನ್ನ ಭಾವನೆ. ತನಗೆ ವಿಶ್ವಾಸವಿದೆ ಎಂದು ಕೂಗಿ ಹೇಳಿ, ಅದೇ ಉಸಿರಿನಲ್ಲಿ ತನ್ನ ಅವಿಶ್ವಾಸಕ್ಕೆ ನೆರವಾಗಿ ಎಂದು ಬೇಡಿಕೊಳ್ಳುತ್ತಾನೆ. ಇದ್ದದ್ದನ್ನೂ ಹೇಳಿದ, ಇಲ್ಲದ್ದನ್ನೂ ಹೇಳಿದ. ಯೇಸು ಅವನ ವಿಶ್ವಾಸವನ್ನು ತಕ್ಕಡಿಯಲ್ಲಿಟ್ಟು ತೂಗಲಿಲ್ಲ. ಹೋಗಿ ವಿಶ್ವಾಸ ಹೆಚ್ಚಿಸಿಕೊಂಡು ಬಾ ಎಂದು ಹಿಂದಕ್ಕೆ ಕಳುಹಿಸಲಿಲ್ಲ. ಹುಡುಗನನ್ನು ಕೈಹಿಡಿದು ಎಬ್ಬಿಸಿದರು.

ಇದೇ ಘಟನೆಯನ್ನು ಮತ್ತಾಯನೂ ಬರೆದಿದ್ದಾನೆ (ಮತ್ತಾಯ 17:14-20). ತಮ್ಮಿಂದ ಏಕೆ ಆಗಲಿಲ್ಲ ಎಂದು ಶಿಷ್ಯರು ಕೇಳಿದಾಗ, ವಿಶ್ವಾಸ ಅಲ್ಪವಾದದ್ದರಿಂದ ಎಂದು ಯೇಸು ಹೇಳುತ್ತಾರೆ. ಯಾರ ವಿಶ್ವಾಸ? ಹುಡುಗನ ತಂದೆಯದಲ್ಲ, ಪ್ರಾರ್ಥಿಸಲು ಹೋದ ಶಿಷ್ಯರದು! ರೋಗಿಯ ಮನೆಗೆ ಪ್ರಾರ್ಥನೆಗೆಂದು ಹೋಗುವ ನಾವೆಲ್ಲರೂ, ಗುರುಗಳೂ ಸೇರಿ, ಈ ಎರಡು ವಚನಗಳನ್ನು ಚೆನ್ನಾಗಿ ಓದಿಕೊಂಡು ಹೋಗಬೇಕು. ಗುಣವಾಗದಿದ್ದರೆ ಯಾರ ವಿಶ್ವಾಸದ ಮೇಲೆ ಬೆರಳು ತೋರಿಸಬೇಕೆಂಬುದು ಅಲ್ಲಿ ಸ್ಪಷ್ಟವಾಗಿದೆ.

ಇನ್ನೂ ನೋಡಿ. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು ಮಾಡಿನಿಂದ ಇಳಿಸಿದಾಗ ಯೇಸು ನೋಡಿದ್ದು ಆ ಹೊತ್ತು ತಂದವರ ವಿಶ್ವಾಸವನ್ನು (ಮಾರ್ಕ 2:5). ಶತಾಧಿಪತಿಯ ಆಳು ಮನೆಯಲ್ಲಿ ಮಲಗಿದ್ದ, ಅವನನ್ನು ಯಾರೂ ಏನೂ ಕೇಳಲಿಲ್ಲ. ನಾಯಿನ್ ಊರಿನ ವಿಧವೆಯಂತೂ ಬೇಡಿಕೊಳ್ಳಲೂ ಇಲ್ಲ. ಸ್ವಾಮಿಯವರ ಕರುಳೇ ಕರಗಿತು (ಲೂಕ 7:13). ವಿಶ್ವಾಸವು ಆರೋಗ್ಯ ಕೊಳ್ಳುವ ಹಣವಾಗಿದ್ದರೆ ಈ ಯಾವ ಘಟನೆಯೂ ನಡೆಯುತ್ತಿರಲಿಲ್ಲ.

ಹಾಗಾದರೆ ಮೊದಲ ಕ್ರೈಸ್ತರೆಲ್ಲ ಪ್ರಾರ್ಥಿಸಿ ಗುಣವಾದರೇ? ಇಲ್ಲ. ಸಂತ ಪೌಲರು ತಮ್ಮ ಶರೀರದಲ್ಲಿ ನಾಟಿದ ಮುಳ್ಳನ್ನು ತೆಗೆದುಹಾಕಿ ಎಂದು ಮೂರು ಸಲ ಪ್ರಾರ್ಥಿಸಿದರು. ಮುಳ್ಳು ಹೋಗಲಿಲ್ಲ, ಸಾಕಷ್ಟು ಕೃಪೆ ಸಿಕ್ಕಿತು (2 ಕೊರಿಂಥ 12:7-9). ತ್ರೊಫಿಮನು ಕಾಯಿಲೆ ಬಿದ್ದದ್ದರಿಂದ ಅವನನ್ನು ಮಿಲೇತದಲ್ಲಿ ಬಿಟ್ಟು ಬರಬೇಕಾಯಿತೆಂಬ ಮಾತು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿದೆ. ಹೊಟ್ಟೆಯ ತೊಂದರೆಯಿದ್ದ ತಿಮೊಥೇಯನಿಗೆ ಮೊದಲನೆಯ ಪತ್ರದಲ್ಲಿ ಸಿಕ್ಕಿದ್ದು ಬೈಗುಳವಲ್ಲ, ಬರೀ ನೀರು ಕುಡಿಯದೆ ಸ್ವಲ್ಪ ದ್ರಾಕ್ಷಾರಸ ಸೇರಿಸಿಕೋ ಎಂಬ ಸಲಹೆ (1 ತಿಮೊಥೇಯ 5:23). ಅಂದಿನ ಕಾಲಕ್ಕೆ ಅದು ಔಷಧಿಯೇ. ನಮ್ಮ ಕಥೋಲಿಕ ಬೈಬಲಿನಲ್ಲಿರುವ ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನಂತೂ ಪ್ರತಿ ಮನೆಯಲ್ಲೂ ಒಮ್ಮೆ ಓದಬೇಕು. ವೈದ್ಯನನ್ನು ಗೌರವಿಸು, ಅವನನ್ನು ಸೃಷ್ಟಿಸಿದವರು ದೇವರೇ, ಮದ್ದನ್ನು ನೆಲದಿಂದ ಹುಟ್ಟಿಸಿದವರೂ ಅವರೇ, ವಿವೇಕಿ ಅದನ್ನು ತಳ್ಳಿಹಾಕುವುದಿಲ್ಲ ಎಂಬುದು ಅಲ್ಲಿನ ಬೋಧನೆ. ಪ್ರಾರ್ಥಿಸು ಎಂದೂ ಅಲ್ಲಿದೆ, ವೈದ್ಯನಿಗೆ ಜಾಗ ಕೊಡು ಎಂದೂ ಅಲ್ಲೇ ಇದೆ. 2000ದ ಸೆಪ್ಟೆಂಬರಿನಲ್ಲಿ ರೋಮಿನ ವಿಶ್ವಾಸ ಸಿದ್ಧಾಂತ ಪೀಠವು ಗುಣಪ್ರಾರ್ಥನೆಗಳ ಬಗ್ಗೆ ಹೊರಡಿಸಿದ ಸೂಚನೆಯಲ್ಲೂ ಇದನ್ನೇ ಹೇಳಿದೆ: ಪ್ರಾರ್ಥನೆಯು ಚಿಕಿತ್ಸೆಯನ್ನು ಬೇಡವೆನ್ನುವುದಿಲ್ಲ, ಅದನ್ನು ಪಡೆಯಲು ಉತ್ತೇಜಿಸುತ್ತದೆ. ಅಂದಹಾಗೆ, ಫಿಟ್ಸ್ ಇರುವವರಲ್ಲಿ ಹತ್ತಕ್ಕೆ ಏಳು ಜನರವರೆಗೂ ಸರಿಯಾದ ಔಷಧಿಯಿಂದ ಫಿಟ್ಸ್ ಇಲ್ಲದೆ ಬದುಕಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದೇ ದೊಡ್ಡ ಅಪಾಯ. ಆ ಮಾತ್ರೆ ದೇವರ ಕೊಡುಗೆಯಲ್ಲವೇ?

"ಹಾಗಾದರೆ ಅದ್ಭುತಗಳೇ ಇಲ್ಲವೇ ಫಾದರ್?" ಎಂದು ಕೇಳುವಿರಿ. ಇವೆ. ಧರ್ಮಸಭೆ ಅವನ್ನು ನಂಬುತ್ತದೆ. ರೋಗಿಗಳಿಗೆ ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುವ ಸಂಸ್ಕಾರವೇ ನಮಗಿದೆ (ಯಕೋಬ 5:14-15). ಆದರೆ ನಮ್ಮ ಅನೇಕ ದೇವಾಲಯಗಳ ಅಂಗಳದಲ್ಲಿ ಗವಿ ಕಟ್ಟಿ ನಾವು ಗೌರವಿಸುವ ಲೂರ್ದು ಮಾತೆಯ ಕಥೆಯನ್ನು ಪೂರ್ತಿಯಾಗಿ ಕೇಳಿ. 1858ರಲ್ಲಿ ಮಾತೆಯ ದರ್ಶನ ಪಡೆದ ಬರ್ನದೆತ್, ಮಾತೆ ತೋರಿಸಿದ ಜಾಗದಲ್ಲಿ ತನ್ನ ಕೈಯಿಂದ ಮಣ್ಣು ಕೆದಕಿದಾಗ ಒರತೆ ಕಾಣಿಸಿಕೊಂಡಿತು. ಅಂದಿನಿಂದ ಕೋಟ್ಯಂತರ ಜನ ಅಲ್ಲಿಗೆ ಹೋಗಿದ್ದಾರೆ. ಧರ್ಮಸಭೆ ತನಿಖೆ ಮಾಡಿ ಅದ್ಭುತವೆಂದು ಒಪ್ಪಿಕೊಂಡ ಗುಣಗಳು ಎಪ್ಪತ್ತಕ್ಕಿಂತ ತುಸು ಹೆಚ್ಚು, ಅಷ್ಟೇ. ಇನ್ನು ಸ್ವತಃ ಬರ್ನದೆತ್? ಚಿಕ್ಕಂದಿನಿಂದ ಉಬ್ಬಸ. 1866ರಲ್ಲಿ ನೆವೇರ್ ಪಟ್ಟಣದ ಕನ್ಯಾಮಠ ಸೇರಿದ ಮೇಲೆ ಮೊಣಕಾಲಿನ ಮೂಳೆಗೆ ಕ್ಷಯ. ಆ ನೀರು ತನಗಾಗಿ ಅಲ್ಲವೆಂಬುದನ್ನು ಆಕೆ ಸಮಾಧಾನದಿಂದ ಒಪ್ಪಿಕೊಂಡಿದ್ದಳು. ನೋವಿನಲ್ಲೇ ನರಳಿ 1879ರ ಏಪ್ರಿಲ್ 16ರಂದು ತೀರಿಕೊಂಡಾಗ ವಯಸ್ಸು 35. ಧರ್ಮಸಭೆ 1933ರಲ್ಲಿ ಆಕೆಯನ್ನು ಸಂತಳೆಂದು ಘೋಷಿಸಿತು. ಬರ್ನದೆತ್‌ಳ ವಿಶ್ವಾಸ ಸಾಲದೆ ಹೋಯಿತು ಎಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗಿದೆ?

ಹಳೆಯ ಒಡಂಬಡಿಕೆಯ ಮೂವರು ಯುವಕರ ನೆನಪಾಗುತ್ತದೆ. ನೆಬೂಕದ್ನೆಚ್ಚರ ಅರಸ ಅವರನ್ನು ಉರಿಯುವ ಕುಲುಮೆಯ ಮುಂದೆ ನಿಲ್ಲಿಸಿದಾಗ ಅವರು ಹೇಳಿದ್ದರಲ್ಲಿ ಎರಡು ಭಾಗಗಳಿವೆ. ನಮ್ಮ ದೇವರು ನಮ್ಮನ್ನು ಬಿಡಿಸಬಲ್ಲರು ಎಂಬುದು ಮೊದಲನೆಯದು. ಬಿಡಿಸದೆ ಹೋದರೂ ನಿನ್ನ ವಿಗ್ರಹಕ್ಕೆ ಅಡ್ಡಬೀಳುವುದಿಲ್ಲ ಎಂಬುದು ಎರಡನೆಯದು (ದಾನಿಯೇಲ 3:17-18). ಮೊದಲನೆಯ ಭಾಗವನ್ನು ನಾವು ಎಲ್ಲ ಪ್ರಾರ್ಥನಾ ಕೂಟಗಳಲ್ಲೂ ಕೇಳುತ್ತೇವೆ. ಎರಡನೆಯದನ್ನು ಕೇಳುವುದು ಅಪರೂಪ. ಅವರಿಗೆ ಆ ಮಾತು ಆಡುವಾಗ ಕುಲುಮೆಯೊಳಗೆ ಏನಾಗುತ್ತದೆಂದು ಗೊತ್ತಿರಲಿಲ್ಲ. ಗೂಟವನ್ನು ಹಿಡಿದಿರುವ ನೆಲ ಯಾವುದೆಂದು ಮಾತ್ರ ಗೊತ್ತಿತ್ತು.

ಇನ್ನು ಕೆಲವರಿಗೆ ಕಾಯಿಲೆಯಿಲ್ಲ, ಕಷ್ಟವಿಲ್ಲ, ಆದರೆ ಪ್ರಾರ್ಥಿಸುವಾಗ ಏನೂ ಅನಿಸುವುದಿಲ್ಲ. "ಮೊದಲಿದ್ದ ಭಕ್ತಿ ಈಗಿಲ್ಲ ಸ್ವಾಮಿ" ಎಂದು ಪಾಪನಿವೇದನೆಯಲ್ಲಿ ಹೇಳುವವರು ಎಷ್ಟೋ ಜನ. ಅನಿಸಿಕೆ ಬೇರೆ, ವಿಶ್ವಾಸ ಬೇರೆ. ಲಿಸ್ಯೂವಿನ ಪುಟ್ಟ ತೆರೇಸಮ್ಮನವರು ತಮ್ಮ ಬದುಕಿನ ಕೊನೆಯ ಒಂದೂವರೆ ವರ್ಷ, 1896ರ ಪಾಸ್ಕ ಕಾಲದಿಂದ 1897ರ ಸೆಪ್ಟೆಂಬರ್ 30ರಂದು ಸಾಯುವವರೆಗೆ, ಸ್ವರ್ಗವಿದೆಯೇ ಎಂಬ ಕತ್ತಲೆಯೊಡನೆ ಹೋರಾಡಿದರು. ಆ ದಿನಗಳಲ್ಲೇ ಅವರು ವಿಶ್ವಾಸ ಪ್ರಮಾಣವನ್ನು ತಮ್ಮ ರಕ್ತದಿಂದ ಬರೆದು ಮೈಮೇಲೆ ಇಟ್ಟುಕೊಂಡಿದ್ದರು. ಕೊಲ್ಕತ್ತಾದ ಸಂತ ತೆರೇಸಾ ದಶಕಗಳ ಕಾಲ ಇಂಥದೇ ಬರಡುತನವನ್ನು ಅನುಭವಿಸಿದ್ದು 2007ರಲ್ಲಿ ಅವರ ಪತ್ರಗಳು ಪ್ರಕಟವಾದ ಮೇಲೆ ಲೋಕಕ್ಕೆ ತಿಳಿಯಿತು. ಅವರೊಡನೆ ಕೆಲಸ ಮಾಡಿದವರಿಗೂ ಬಹುತೇಕ ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದು ಪೂಜೆ, ಆಮೇಲೆ ರಸ್ತೆಯಲ್ಲಿ ಬಿದ್ದವರ ಆರೈಕೆ. ಒಳಗೆ ಏನಿದ್ದರೂ ಹೊರಗಿನ ಆ ನಡಿಗೆ ನಿಲ್ಲಲಿಲ್ಲ.

ಕ್ರಿಯೆ ಬೇಕೇ, ವಿಶ್ವಾಸ ಸಾಕೇ ಎಂಬ ಹಳೆಯ ಜಗಳವನ್ನು ಇಲ್ಲಿ ಎಳೆಯುವುದಿಲ್ಲ. ನಾವೂ ಲುಥೆರನ್ ಸಹೋದರರೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿ, ರಕ್ಷಣೆ ದೇವರ ಕೃಪೆಯಿಂದಲೇ, ಆ ಕೃಪೆ ನಮ್ಮನ್ನು ಸತ್ಕ್ರಿಯೆಗೆ ಎಬ್ಬಿಸುತ್ತದೆ ಎಂಬಲ್ಲಿ ಒಂದಾಗಿದ್ದೇವೆ. ಪ್ರೀತಿಯ ಮೂಲಕ ಕೆಲಸ ಮಾಡುವ ವಿಶ್ವಾಸವೇ ಬೆಲೆಯುಳ್ಳದ್ದೆಂದು ಸಂತ ಪೌಲರೇ ಹೇಳಿಬಿಟ್ಟಿದ್ದಾರೆ (ಗಲಾತ್ಯ 5:6).

ರೋಗಿಯಿರುವ ಮನೆಗೆ ಇದನ್ನು ಅನ್ವಯಿಸಿದರೆ ಏನಾಗುತ್ತದೆ? ಬಟ್ಟೆಯಿಲ್ಲದವನಿಗೆ, ಊಟವಿಲ್ಲದವನಿಗೆ ಬರಿಮಾತಿನ ಹರಕೆ ಹೇಳಿ ಕಳುಹಿಸುವವರನ್ನು ಸಂತ ಯಕೋಬರು ಖಂಡಿಸುತ್ತಾರೆ (ಯಕೋಬ 2:15-16). "ವಿಶ್ವಾಸ ಇಡಿ ಅಮ್ಮ" ಎಂದು ಹೇಳಿ ಎದ್ದು ಬರುವುದೂ ಅದೇ ಜಾತಿಯದು. ಮಾತ್ರೆ ಮುಗಿದಿದೆಯೇ, ಮುಂದಿನ ತಪಾಸಣೆ ಯಾವಾಗ, ಆಸ್ಪತ್ರೆಗೆ ಹೋಗಿಬರುವ ಖರ್ಚಿಗೆ ಏನು ಮಾಡುತ್ತೀರಿ, ಆ ದಿನ ಉಳಿದ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ. ಕೇಳಿದ ಮೇಲೆ ಜಪಸರ ಹೇಳಿ. ಮಂಚವನ್ನು ಹೊತ್ತ ಆ ನಾಲ್ವರು ಮಾಡಿದ್ದು ಇದನ್ನೇ. ನಾನು ಹೇಳಿದ ಆ ತಾಯಿಯ ಓಣಿಯಲ್ಲಿ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಸರದಿ ಹಾಕಿಕೊಂಡು ಹುಡುಗನನ್ನು ಆಸ್ಪತ್ರೆಗೆ ಕರೆದೊಯ್ಯತೊಡಗಿದರು. ಆಕೆ ಬಹಳ ದಿನ ಪೂಜೆಗೆ ಬಂದರೂ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುತ್ತಿದ್ದರು. ವಿಶ್ವಾಸ ಪ್ರಮಾಣ ಹೇಳುವಾಗ ಬಾಯಿ ತೆರೆಯುತ್ತಿರಲಿಲ್ಲ. ನಾನು ಒತ್ತಾಯಿಸಲಿಲ್ಲ. 325ರಲ್ಲಿ ನಿಸೇಯಾ ಮಹಾಸಭೆಯ ಪಿತೃಗಳು ಆ ಪ್ರಮಾಣವನ್ನು ಗ್ರೀಕ್ ಭಾಷೆಯಲ್ಲಿ ರಚಿಸಿದಾಗ 'ನಾನು' ಎಂದು ಆರಂಭಿಸಲಿಲ್ಲ, 'ನಾವು' ಎಂದು ಆರಂಭಿಸಿದರು. ಒಬ್ಬರ ಬಾಯಿ ಕಟ್ಟಿದಾಗ ಪಕ್ಕದ ಬೆಂಚಿನವರು ಅವರ ಪರವಾಗಿಯೂ ಹೇಳುತ್ತಿರುತ್ತಾರೆ.

ತಂದೆತಾಯಿಗಳಲ್ಲಿ ಒಂದು ವಿನಂತಿ. ಪರೀಕ್ಷೆಗೆ ಹೊರಟ ಮಗುವಿಗೆ "ಪ್ರಾರ್ಥನೆ ಮಾಡು, ದೇವರು ಫಸ್ಟ್ ಕ್ಲಾಸ್ ಕೊಟ್ಟೇ ಕೊಡ್ತಾರೆ" ಎನ್ನಬೇಡಿ. ಬಾರದಿದ್ದರೆ ಮಗು ದೇವರನ್ನು ಬಿಡುತ್ತದೆ, ಇಲ್ಲವೇ ತನ್ನನ್ನೇ ಕೆಟ್ಟವನೆಂದುಕೊಳ್ಳುತ್ತದೆ. "ಏನೇ ಆಗಲಿ, ದೇವರು ನಿನ್ನ ಜೊತೆ ಇರ್ತಾರೆ, ನಾವೂ ಇರ್ತೀವಿ" ಎನ್ನಿ. ನೀವು ಕೇಳಿಕೊಂಡದ್ದು ಸಿಗದಿದ್ದಾಗಲೂ ಸಂಜೆ ಏಳು ಗಂಟೆಗೆ ಮನೆಯಲ್ಲಿ ಮೇಣದ ಬತ್ತಿ ಹಚ್ಚಿ ಜಪಸರಕ್ಕೆ ಕೂರುವುದನ್ನು ಮಕ್ಕಳು ನೋಡಲಿ.

ಈ ವಾರ ಒಂದು ದಿನ ಕುಟುಂಬ ಪ್ರಾರ್ಥನೆಯಲ್ಲಿ ಮಾರ್ಕನ 9ನೆಯ ಅಧ್ಯಾಯದ 14ರಿಂದ 29ರವರೆಗಿನ ವಚನಗಳನ್ನು ಪಾತ್ರ ಹಂಚಿಕೊಂಡು ಓದಿ. ಜನರ ಮಾತು ಮಕ್ಕಳಿಗೆ, ಯೇಸುವಿನ ಮಾತು ಅಜ್ಜಿಗೋ ತಾಯಿಗೋ ಇರಲಿ. ಹುಡುಗನ ತಂದೆಯ ಮಾತನ್ನು ಮನೆಯ ಯಜಮಾನರೇ, ಸ್ವಲ್ಪ ನಿಧಾನವಾಗಿ, ಓದಲಿ.